ಸಣ್ಣ ಗುತ್ತಿಗೆದಾರನ ಹೊಣೆ ಮತ್ತು ವಿಮೆ

ಮನೆ ಕಟ್ಟಿಕೊಡುವ ಮೇಸ್ತ್ರಿ, ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್, ನಲ್ಲಿ ಕೆಲಸದವರು, ಬಣ್ಣದ ಗುತ್ತಿಗೆ ಹಿಡಿಯುವವರು ವಿಮೆಯ ಮಾತು ಬಂದಾಗ ತಮ್ಮ ವಾಹನವನ್ನೋ ಕಾಂಕ್ರೀಟ್ ಮಿಕ್ಸರನ್ನೋ ನೆನೆಯುತ್ತಾರೆಯೇ ಹೊರತು, ಕಾನೂನು ತಮ್ಮ ಹೆಗಲಿಗೇರಿಸಿರುವ ಹೊಣೆಯನ್ನು ನೆನೆಯುವುದು ಕಡಿಮೆ. ಯಂತ್ರ ಕಳೆದುಹೋದರೆ ಸಾಲ ಮಾಡಿಯಾದರೂ ಇನ್ನೊಂದನ್ನು ಕೊಳ್ಳಬಹುದು. ಆದರೆ ಸಾರವೆಯಿಂದ ಬಿದ್ದು ಸತ್ತ ಕೂಲಿಯಾಳಿನ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರ ಇಡೀ ಉದ್ಯಮವನ್ನೇ ಮುಳುಗಿಸಬಲ್ಲದು.

ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆಳಿಗೆ ಪೆಟ್ಟಾದರೆ ಮಾಲೀಕನ ತಪ್ಪು ಇರಲಿ ಇಲ್ಲದಿರಲಿ ಅವನೇ ಪರಿಹಾರ ಕೊಡಬೇಕೆಂಬ ತತ್ತ್ವ 1923ರ ಕಾಯಿದೆಯಲ್ಲಿ ನೆಲೆಗೊಂಡು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಆಳು ಕುಡಿದಿದ್ದ, ಹೇಳಿದರೂ ಹೆಲ್ಮೆಟ್ ಹಾಕಲಿಲ್ಲ ಎಂಬ ವಾದ ಸಣ್ಣಪುಟ್ಟ ಗಾಯಗಳಿಗೆ ನಡೆದೀತು; ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಸಂಭವಿಸಿದಾಗ ಅದು ನಿಲ್ಲುವುದಿಲ್ಲ. ಸಾವಿನ ಪ್ರಕರಣದಲ್ಲಿ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು ಲೆಕ್ಕದ ಕ್ರಮ. 2020ರ ಜನವರಿಯಲ್ಲಿ ನಿಗದಿಯಾದ 15,000 ರೂಪಾಯಿ ಕೂಲಿಯ ಮಿತಿಯನ್ನೇ ಹಿಡಿದರೂ, 30 ವರ್ಷದ ಆಳಿನ ಗುಣಕ 207.98 ಆಗಿರುವುದರಿಂದ, ಹೊಣೆ 15,59,850 ರೂಪಾಯಿ ಮುಟ್ಟುತ್ತದೆ. ಸೆಂಟರಿಂಗ್ ಕೆಲಸವನ್ನು ಇನ್ನೊಬ್ಬನಿಗೆ ಒಳಗುತ್ತಿಗೆ ಕೊಟ್ಟ ಮೇಸ್ತ್ರಿಯೂ ಪಾರಾಗುವಂತಿಲ್ಲ. ಆತನ ಆಳುಗಳು ಮೇಸ್ತ್ರಿಯಿಂದಲೇ ಪರಿಹಾರ ಕೇಳಬಹುದು, ಕೊಟ್ಟ ಹಣವನ್ನು ಒಳಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಮೇಸ್ತ್ರಿಯ ಪಾಡು.

ಈ ಹೊಣೆಯನ್ನು ವಿಮಾ ಕಂಪನಿಗೆ ವರ್ಗಾಯಿಸುವುದೇ ನೌಕರರ ಪರಿಹಾರ ಪಾಲಿಸಿ. ಇದರ ಕಂತು ಆಳುಗಳ ಸಂಖ್ಯೆ, ಕೆಲಸದ ಸ್ವರೂಪ ಹಾಗೂ ಘೋಷಿಸಿದ ಕೂಲಿಯ ಮೇಲೆ ನಿಲ್ಲುವುದರಿಂದ, ಕಂತು ಉಳಿಸಲು ಹತ್ತು ಜನರಿರುವಲ್ಲಿ ಆರು ಜನರನ್ನು ತೋರಿಸುವ ಜಾಣತನ ದುಬಾರಿಯಾದುದು. ವೈದ್ಯಕೀಯ ವೆಚ್ಚವನ್ನೂ ಒಳಗುತ್ತಿಗೆಯ ಆಳುಗಳನ್ನೂ ಅನೇಕ ಪಾಲಿಸಿಗಳಲ್ಲಿ ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳಬೇಕಾಗುತ್ತದೆ. ಹಾಜರಿ ಪುಸ್ತಕ ಇಲ್ಲದವನ ಪಾಲಿಸಿ ಇದ್ದೂ ಇಲ್ಲದಂತೆಯೇ ಸರಿ, ಏಕೆಂದರೆ ಬಿದ್ದವನು ತನ್ನ ಆಳೆಂದು ತೋರಿಸಲು ಬೇರೆ ಪುರಾವೆ ಅವನಲ್ಲಿರುವುದಿಲ್ಲ.

ಸಾಮಾನು ಸರಂಜಾಮಿನ ವಿಮೆಯಲ್ಲಿ ಎಡವುವುದು ಅನುಪಾತದ ನಿಯಮದ ಮೇಲೆ, ಅಂದರೆ ಆಸ್ತಿಯ ನಿಜಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದಾಗ ನಷ್ಟದ ಪರಿಹಾರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬ ನಿಯಮದ ಮೇಲೆ. 10 ಲಕ್ಷದ ದಾಸ್ತಾನನ್ನು 6 ಲಕ್ಷಕ್ಕೆ ವಿಮೆ ಮಾಡಿಸಿದವನಿಗೆ 3 ಲಕ್ಷದ ಬೆಂಕಿ ನಷ್ಟದಲ್ಲಿ ದಕ್ಕುವುದು 1.8 ಲಕ್ಷ. ಒಂದೇ ಸ್ಥಳದಲ್ಲಿರುವ 5 ಕೋಟಿ ರೂಪಾಯಿವರೆಗಿನ ಆಸ್ತಿಗಾಗಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ಈ ಕಡಿತದಿಂದ ವಿನಾಯಿತಿ ಇದೆ.

ಗುತ್ತಿಗೆದಾರ ತಾನೇ ಏಣಿ ಹತ್ತುವವನಾದರೆ, ನೌಕರರ ಪಾಲಿಸಿ ಅವನನ್ನು ಕಾಯುವುದಿಲ್ಲ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ, ಸಂಸಾರಕ್ಕೆ ಅದು ಸಾಲದು. ಇನ್ನು ಕಂಪನಿ ಪರಿಹಾರ ನಿರಾಕರಿಸಿದಾಗ, ಏಕಮಾಲೀಕತ್ವದ ವ್ಯವಹಾರಗಳೂ ಸೂಕ್ಷ್ಮ ಉದ್ಯಮಗಳೂ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಅಲ್ಲಿ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.