ಗುಣ ಗುಣವಾಗುತ್ತದೆಯೇ?



ಖಿನ್ನತೆ, ಆತಂಕ ಎಂದರೆ ಈಗ ನಮ್ಮ ಜನ ಕಾಯಿಲೆಯೆಂದು ಒಪ್ಪುತ್ತಾರೆ. ಮಾತ್ರೆ ನುಂಗಿದರೆ ವಾಸಿಯಾದೀತು ಎಂದು ಅರ್ಧ ಮನಸ್ಸಿನಿಂದಲಾದರೂ ನಂಬುತ್ತಾರೆ. ಆದರೆ ತೊಂದರೆ ಮನುಷ್ಯನ ಸ್ವಭಾವದಲ್ಲೇ ಬೇರುಬಿಟ್ಟಿದ್ದರೆ? "ಅವನು ಮೊದಲಿಂದಲೂ ಹಾಗೇ", "ಅವಳದು ಬರೀ ನಾಟಕ", "ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಬೇರೆ ಕೈಗೆ ಸಿದ್ಧವಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದಿನವರೆಗೆ ಬಹುಪಾಲು ಮನೋವೈದ್ಯರೂ ಹೆಚ್ಚುಕಡಿಮೆ ಇದನ್ನೇ ನಂಬಿದ್ದರು. ಆ ನಂಬಿಕೆ ಹೇಗೆ ಸಡಿಲವಾಯಿತು ಎಂಬುದು ಇವತ್ತಿನ ವಿಷಯ.

ವೈದ್ಯರು ವ್ಯಕ್ತಿತ್ವ ದೋಷ ಎನ್ನುವುದು ಮುಂಗೋಪಕ್ಕೂ ಅಲ್ಲ, ಜಿಪುಣತನಕ್ಕೂ ಅಲ್ಲ. ತನ್ನನ್ನು ತಾನು ಕಾಣುವ ರೀತಿ, ಇತರರೊಡನೆ ನಡೆದುಕೊಳ್ಳುವ ರೀತಿ ಎರಡೂ ವರ್ಷಗಟ್ಟಲೆ ಹದಗೆಟ್ಟು, ಮನೆ, ಕೆಲಸ, ಸ್ನೇಹ ಯಾವುದೂ ನೆಟ್ಟಗೆ ನಿಲ್ಲದಂತಾದಾಗ ಆ ಹೆಸರು ಬಳಸುತ್ತಾರೆ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಜಗತ್ತಿನ ಜನರಲ್ಲಿ ಶೇ 7.8ರಷ್ಟು ಮಂದಿಗೆ ಇಂಥ ಯಾವುದಾದರೊಂದು ದೋಷ ಇರಬಹುದೆಂದು ಅಂದಾಜು ಮಾಡಿತು. ಶ್ರೀಮಂತ ದೇಶಗಳಲ್ಲಿ ಶೇ 9.6, ನಮ್ಮಂಥ ದೇಶಗಳಲ್ಲಿ ಶೇ 4.3. ನಮ್ಮಲ್ಲಿ ಕಡಿಮೆ ಎಂದು ಬೀಗುವ ಮೊದಲು, ನಮ್ಮಲ್ಲಿ ಗುರುತಿಸುವವರೇ ಕಡಿಮೆ ಎಂಬುದನ್ನೂ ನೆನೆಯಬೇಕು.

ವ್ಯಕ್ತಿತ್ವ ದೋಷಗಳಲ್ಲಿ ಅತಿ ಹೆಚ್ಚು ಸಂಶೋಧನೆ ನಡೆದಿರುವುದು ಬಾರ್ಡರ್‌ಲೈನ್ ಎಂಬ ಬಗೆಯ ಮೇಲೆ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ. ಈ ತೊಂದರೆ ಇರುವವರಲ್ಲಿ ಭಾವನೆ ಸರ್ರನೆ ಏರುತ್ತದೆ, ಇಳಿಯುವುದು ಮಾತ್ರ ಬಹಳ ನಿಧಾನ. ಗೆಳತಿಗೆ ಮಾಡಿದ ಫೋನನ್ನು ಅವಳು ಎತ್ತಲಿಲ್ಲ ಅಂದುಕೊಳ್ಳಿ. ನಾವಾದರೆ ಕೆಲಸದಲ್ಲಿರಬೇಕು ಅಂದುಕೊಂಡು ಸುಮ್ಮನಾಗುತ್ತೇವೆ. ಇವರಿಗೆ ಅದು, ಅವಳು ನನ್ನನ್ನು ಬಿಟ್ಟೇಬಿಟ್ಟಳು ಎಂಬ ಸಂಕಟವಾಗಿ ಎದೆಗೆ ಬಡಿಯುತ್ತದೆ. ಇಪ್ಪತ್ತು ಸಲ ಮತ್ತೆ ಮಾಡುತ್ತಾರೆ, ಬೈದು ಮೆಸೇಜು ಕಳಿಸುತ್ತಾರೆ, ಆಮೇಲೆ ನಾಚಿಕೆಯಿಂದ ಕುಗ್ಗಿ ತಮ್ಮನ್ನೇ ನೋಯಿಸಿಕೊಳ್ಳುತ್ತಾರೆ. ನಿನ್ನೆ ದೇವರಂತಿದ್ದವರು ಇವತ್ತು ದ್ರೋಹಿಗಳಾಗುತ್ತಾರೆ. ಇದು ಹೆಂಗಸರ ಕಾಯಿಲೆ ಎಂಬ ಮಾತೂ ಉಂಟು. ಆದರೆ 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಂಡಸರಾದರೆ ಕುಡುಕ, ಜಗಳಗಂಟ ಎನಿಸಿಕೊಂಡು ಆಸ್ಪತ್ರೆಯ ಬದಲು ಪೊಲೀಸ್ ಠಾಣೆ ಸೇರುತ್ತಾರೆ ಎಂಬುದು ನನ್ನ ಗುಮಾನಿ.

ಬಾರ್ಡರ್‌ಲೈನ್ ಎಂಬ ಹೆಸರು ಹಳೆಯದು. 1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಇವರನ್ನು ಎರಡು ಬಗೆಯ ಮನೋರೋಗಗಳ ಗಡಿಯ ಮೇಲಿರುವವರು ಎಂದು ಬಣ್ಣಿಸಿದ. ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಅದು ಸೇರಿದ್ದು 1980ರಲ್ಲಿ. ಆ ಪಟ್ಟಿಯ ಈಗಿನ ರೂಪದಲ್ಲಿ ಒಂಬತ್ತು ಲಕ್ಷಣಗಳಿವೆ, ಐದಿದ್ದರೆ ಸಾಕು. ಲೆಕ್ಕ ಹಾಕಿದರೆ ಒಂದೇ ಹೆಸರಿನ ರೋಗಕ್ಕೆ 256 ಬಗೆಯ ಜೋಡಣೆ ಸಾಧ್ಯ! ಒಂದೇ ಚೀಟಿ ಹಿಡಿದು ಹೊರಬಂದ ಇಬ್ಬರ ನಡುವೆ ಸಮಾನವಾಗಿರುವುದು ಒಂದೇ ಒಂದು ಲಕ್ಷಣವೂ ಆಗಿರಬಹುದು.

ಈ ಚೀಟಿ ರೋಗಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಮಾಡಿದೆಯೇನೋ. 1988ರಲ್ಲಿ ಲೂಯಿಸ್ ಮತ್ತು ಆಪಲ್‌ಬಿ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಮನೋವೈದ್ಯರ ಮುಂದೆ ಒಬ್ಬ ರೋಗಿಯ ವೃತ್ತಾಂತ ಇಟ್ಟರು. ಕೆಲವರಿಗೆ ಕೊಟ್ಟ ಪ್ರತಿಯಲ್ಲಿ ಮಾತ್ರ, ಈ ರೋಗಿಗೆ ಹಿಂದೆ ವ್ಯಕ್ತಿತ್ವ ದೋಷವೆಂದು ಗುರುತಿಸಲಾಗಿತ್ತು ಎಂಬ ಸಾಲು ಸೇರಿಸಿದ್ದರು. ಆ ಸಾಲು ಓದಿದವರು ಅದೇ ರೋಗಿಯನ್ನು ಕಾಟ ಕೊಡುವವನು, ನಮ್ಮನ್ನು ಆಡಿಸುವವನು, ಆರೈಕೆಗೆ ಅಷ್ಟೇನೂ ಅರ್ಹನಲ್ಲದವನು ಎಂದು ಎಣಿಸಿದರು. ಓದಿದವರು ಪಕ್ಕದ ಮನೆಯವರಲ್ಲ, ವೈದ್ಯರು.

ಇಂಥ ವಾತಾವರಣದಲ್ಲಿ, 1992ರಲ್ಲಿ, ಬಾಸ್ಟನ್ ಹತ್ತಿರದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರೀನಿ ಎಂಬ ಮನಶ್ಶಾಸ್ತ್ರಜ್ಞೆ ತಾಳ್ಮೆಯೊಂದನ್ನೇ ನೆಚ್ಚಿಕೊಂಡು ಒಂದು ಅಧ್ಯಯನ ಶುರುಮಾಡಿದರು. ಒಳರೋಗಿಗಳಾಗಿ ದಾಖಲಾಗಿದ್ದ 290 ಬಾರ್ಡರ್‌ಲೈನ್ ರೋಗಿಗಳನ್ನು ಆರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಅವರನ್ನು ಹುಡುಕಿ, ಕೂರಿಸಿಕೊಂಡು ವಿವರವಾಗಿ ವಿಚಾರಿಸುವುದು. ಹೇಗಿದ್ದೀರಿ? ಕೆಲಸ ಇದೆಯೇ? ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಾದರೂ ಇದ್ದಾರೆಯೇ? ಇವರೆಲ್ಲ ಹಾಗೇ ಉಳಿಯುತ್ತಾರೆ ಎಂಬುದು ಆಗಿನ ಸಾಮಾನ್ಯ ನಿರೀಕ್ಷೆ. ಹತ್ತು ವರ್ಷದ ಹೊತ್ತಿಗೆ ಶೇ 93ರಷ್ಟು ಮಂದಿಯಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ಕಾಲ ರೋಗದ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಅಮೆರಿಕದ ಇನ್ನೊಂದು ತಂಡ ಬೇರೆ ರೋಗಿಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗಲೂ ಶೇ 85ರಷ್ಟು ಮಂದಿಯಲ್ಲಿ ಲಕ್ಷಣಗಳು ತಗ್ಗಿದ್ದವು, ಮರುಕಳಿಸಿದ್ದು ಕಡಿಮೆ. ಖಿನ್ನತೆ ಇದಕ್ಕಿಂತ ಹೆಚ್ಚು ಸಲ ಮರಳಿ ಬರುತ್ತದೆ.

ಆದರೆ ಜನರೀನಿಯವರ ಲೆಕ್ಕದ ಇನ್ನೊಂದು ಪುಟ ಅಷ್ಟು ಸಿಹಿಯಲ್ಲ. ಲಕ್ಷಣ ಇಳಿದಿರಬೇಕು, ಜೊತೆಗೆ ಒಂದು ಗಟ್ಟಿ ಸಂಬಂಧ ಇರಬೇಕು, ಪೂರ್ಣಾವಧಿ ಕೆಲಸವನ್ನೋ ಓದನ್ನೋ ನಿಭಾಯಿಸುತ್ತಿರಬೇಕು. ಇಷ್ಟನ್ನೂ ಕೇಳಿದಾಗ ಹತ್ತು ವರ್ಷದಲ್ಲಿ ದಡ ಸೇರಿದವರು ಅರ್ಧದಷ್ಟು ಮಾತ್ರ. ಕೈಕೊಯ್ದುಕೊಳ್ಳುವುದು ನಿಂತಿದೆ, ಕೂಗಾಟ ನಿಂತಿದೆ, ಆದರೆ ಇಪ್ಪತ್ತರ ಹರೆಯದಲ್ಲಿ ಬಿಟ್ಟ ಓದು, ಕಳೆದುಹೋದ ನೌಕರಿ, ಮುರಿದ ನಂಟು ತಾವಾಗಿ ಮರಳುವುದಿಲ್ಲ. ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡ ಸಂಗತಿ ಇದು. ಗಲಾಟೆ ನಿಂತ ಕೂಡಲೇ ಮನೆಯವರೂ ವೈದ್ಯರೂ ಕೈತೊಳೆದುಕೊಳ್ಳುತ್ತಾರೆ. ರೋಗಿಗೆ ನಿಜವಾದ ಕೆಲಸ ಶುರುವಾಗುವುದು ಆಗ.

ಚಿಕಿತ್ಸೆಯ ಕತೆಗೆ ಬರೋಣ. 1961ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದ ಮಾನಸಿಕ ಆಸ್ಪತ್ರೆಯೊಂದಕ್ಕೆ ಹದಿನೇಳು ವರ್ಷದ ಹುಡುಗಿಯೊಬ್ಬಳು ದಾಖಲಾದಳು. ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುತ್ತಿದ್ದ ಅವಳನ್ನು ಒಂಟಿ ಕೋಣೆಯಲ್ಲಿ ಇಟ್ಟರು. ಎರಡು ವರ್ಷಕ್ಕೂ ಮೀರಿ ಅಲ್ಲೇ ಇದ್ದಳು. ಹೆಸರು ಮಾರ್ಷಾ ಲಿನಹಾನ್. ಮುಂದೆ ಓದಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ, ತನ್ನಂಥವರಿಗೆಂದೇ ಒಂದು ಚಿಕಿತ್ಸೆ ರೂಪಿಸಿದರು. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚುಟುಕಾಗಿ ಡಿಬಿಟಿ. ಪದೇಪದೇ ಆತ್ಮಹತ್ಯೆಗೆ ಯತ್ನಿಸುತ್ತಿದ್ದ ಹೆಂಗಸರ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದರು. ಡಿಬಿಟಿ ಪಡೆದವರಲ್ಲಿ ಅಂಥ ಯತ್ನಗಳೂ ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆಯಾಗಿದ್ದವು. ತಾನೂ ಒಂದು ಕಾಲಕ್ಕೆ ರೋಗಿಯಾಗಿದ್ದೆ ಎಂದು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ಹಾರ್ಟ್‌ಫರ್ಡ್‌ನ ಅದೇ ಆಸ್ಪತ್ರೆಯಲ್ಲಿ.

ಡಿಬಿಟಿಯಲ್ಲಿ ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ. ಪಾಠವೆಂದರೆ ಅಕ್ಷರಶಃ ಪಾಠವೇ, ಹೋಂವರ್ಕೂ ಇರುತ್ತದೆ. ಕೋಪ ಉಕ್ಕಿದಾಗ ಮುಖವನ್ನು ತಣ್ಣೀರಿನಲ್ಲಿ ಅದ್ದಿ ಕೆಲ ಕ್ಷಣ ಉಸಿರು ಹಿಡಿಯುವುದು, ಇದರಿಂದ ಎದೆಬಡಿತ ಇಳಿಯುತ್ತದೆ. ಹೃದ್ರೋಗವಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಬೇಡ ಎನ್ನಲು ಕಲಿಯುವುದು, ಜಗಳವಿಲ್ಲದೆ ಕೇಳಲು ಕಲಿಯುವುದು. ಜಪಾನಿನ ಝೆನ್ ಧ್ಯಾನದಿಂದ ಎರವಲು ಪಡೆದ ಅಭ್ಯಾಸಗಳೂ ಇವೆ. ರೋಗಿ ದಿನಾ ಸಂಜೆ ಒಂದು ಕಾರ್ಡಿನಲ್ಲಿ ಅಂದಿನ ಭಾವನೆಗಳಿಗೆ ಅಂಕ ಹಾಕಬೇಕು.

ಫೋನಿನ ನಿಯಮವೊಂದಿದೆ, ಕೇಳಿದರೆ ಬೆರಗಾಗುತ್ತದೆ. ತನ್ನನ್ನು ನೋಯಿಸಿಕೊಳ್ಳಬೇಕು ಅನಿಸಿದಾಗ, ಹಾಗೆ ಮಾಡಿಕೊಳ್ಳುವ ಮೊದಲು, ರೋಗಿ ಚಿಕಿತ್ಸಕರಿಗೆ ಫೋನು ಮಾಡಬಹುದು. ನೋಯಿಸಿಕೊಂಡ ಮೇಲಾದರೆ ಇಪ್ಪತ್ನಾಲ್ಕು ಗಂಟೆ ಮಾತಿಲ್ಲ, ಪ್ರಾಣಾಪಾಯವಿದ್ದರೆ ಮಾತ್ರ ಅದರ ವ್ಯವಸ್ಥೆ ಬೇರೆ. ಗಾಯ ಮಾಡಿಕೊಂಡಾಗಷ್ಟೇ ಅಕ್ಕರೆ ಸಿಗುವ ಮನೆಯಲ್ಲಿ ಗಾಯ ಹೆಚ್ಚುತ್ತದೆ ಎಂಬ ಅರಿವು ಈ ನಿಯಮದ ಹಿಂದಿದೆ. ಅಕ್ಕರೆ ಮೊದಲೇ ಸಿಗಬೇಕು.

ಡಿಬಿಟಿ ಒಂದೇ ದಾರಿಯಲ್ಲ. ಲಂಡನ್ನಿನಲ್ಲಿ ಬೇಟ್‌ಮನ್ ಮತ್ತು ಫೊನಗಿ ಎಂಬವರು ರೂಪಿಸಿದ ಚಿಕಿತ್ಸೆಯೂ ಚೆನ್ನಾಗಿ ಫಲ ಕೊಟ್ಟಿದೆ. ಟೊರಾಂಟೊದಲ್ಲಿ 180 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಂತೂ, ಡಿಬಿಟಿಗೂ ಚೆನ್ನಾಗಿ ವ್ಯವಸ್ಥೆ ಮಾಡಿದ ಸಾಧಾರಣ ಮನೋವೈದ್ಯಕೀಯ ಆರೈಕೆಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪರಿಣತ ಚಿಕಿತ್ಸಕರು ವಿರಳವಾಗಿರುವ ನಮ್ಮಂಥ ನಾಡಿಗೆ ಇದು ಒಳ್ಳೆಯ ಸುದ್ದಿ. ಮಾತ್ರೆಗಳ ವಿಷಯ ನಿರಾಶೆಯದೇ. ಲ್ಯಾಮೊಟ್ರಿಜಿನ್ ಎಂಬ ಔಷಧಿಯ ಮೇಲೆ ಬಹಳ ಭರವಸೆಯಿತ್ತು. ಬ್ರಿಟನ್ನಿನಲ್ಲಿ 276 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಜೊತೆಗಿರುವ ಖಿನ್ನತೆಗೆ ಔಷಧಿ ಬೇಕಾಗಬಹುದು, ಅದು ಬೇರೆ ಮಾತು.

ಇನ್ನು, ಬಾರ್ಡರ್‌ಲೈನ್ ತೊಂದರೆ ಬಂದದ್ದಕ್ಕೆ ತಪ್ಪು ಯಾರದು, ಹೆತ್ತವರದೇ? ಸ್ವೀಡನ್ನಿನ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಜಾಲಾಡಿದ ಅಧ್ಯಯನದ ಪ್ರಕಾರ, ಈ ರೋಗದ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸಕ್ಕೆ ಅನುವಂಶೀಯತೆಯ ಪಾಲು ಸುಮಾರು ಶೇ 46. ಇನ್ನೊಂದೆಡೆ, ಮ್ಯಾಂಚೆಸ್ಟರಿನ ಸಂಶೋಧಕರು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ರೋಗಿಗಳಲ್ಲಿ ಶೇ 71ರಷ್ಟು ಮಂದಿ ಬಾಲ್ಯದಲ್ಲಿ ಒಂದಾದರೂ ಕಹಿ ಅನುಭವ ಉಂಡಿದ್ದರು. ಎರಡೂ ನಿಜ. ಹುಟ್ಟಿನಿಂದಲೇ ಭಾವನೆ ಚುರುಕಾಗಿರುವ ಮಗು, ಅದರ ಮಾತನ್ನು ಪ್ರತಿಸಲ ಅಲ್ಲಗಳೆಯುವ ಮನೆ, ಇವೆರಡು ಕೂಡಿದಾಗ ತೊಂದರೆ ಬೆಳೆಯುತ್ತದೆ ಎಂದು ಲಿನಹಾನ್ ವಾದಿಸಿದರು. ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವ ಹಳೆಯ ಚಾಳಿಗೆ ಇಲ್ಲಿ ಆಧಾರವಿಲ್ಲ.

ಇಷ್ಟೆಲ್ಲ ಆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪಟ್ಟಿಯನ್ನು ತಿದ್ದಿತು. 2022ರ ಜನವರಿಯಿಂದ ಜಾರಿಗೆ ಬಂದ ಹೊಸ ವರ್ಗೀಕರಣದಲ್ಲಿ ವ್ಯಕ್ತಿತ್ವ ದೋಷದ ಹಳೆಯ ಪಂಗಡಗಳಿಲ್ಲ. ತೊಂದರೆ ಸೌಮ್ಯವೇ, ಮಧ್ಯಮವೇ, ತೀವ್ರವೇ ಎಂಬುದು ಮೊದಲ ಪ್ರಶ್ನೆ. ಬಾರ್ಡರ್‌ಲೈನ್ ಮಾದರಿ ಎಂಬ ಒಂದು ಟಿಪ್ಪಣಿಯನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಕೊನೆಗೆ ಮನೆಯವರಿಗೆ ಎರಡು ಮಾತು. ಜನರೀನಿಯವರ ರೋಗಿಗಳಲ್ಲಿ ಇಪ್ಪತ್ನಾಲ್ಕು ವರ್ಷಗಳಲ್ಲಿ ಶೇ 5.9ರಷ್ಟು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಆದ್ದರಿಂದ "ಸಾಯ್ತೀನಿ ಅಂತ ಸುಮ್ನೆ ಹೆದರಿಸ್ತಾಳೆ" ಎನ್ನುವ ಮಾತನ್ನು ದಯವಿಟ್ಟು ಬಿಡಿ. "ಇಷ್ಟಕ್ಕೆಲ್ಲ ಅಳ್ತಾರಾ?" ಎನ್ನುವ ಬದಲು "ನಿಂಗೆ ತುಂಬಾ ಗಾಬರಿ ಆಗಿದೆ ಅಲ್ವಾ, ಕೂತ್ಕೋ, ಹೇಳು" ಎಂದು ನೋಡಿ. ಹಾಗೆಂದ ಮಾತ್ರಕ್ಕೆ ಅವಳು ಕೇಳಿದ್ದಕ್ಕೆಲ್ಲ ತಲೆಯಾಡಿಸಿದಂತಲ್ಲ. ಪೊಲೀಸ್ ಕೇಸಿಗೆ ಹೆದರಿ ಆತ್ಮಹತ್ಯೆಯ ಯತ್ನವನ್ನು ಮುಚ್ಚಿಡಬೇಡಿ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.