ಆರ್ಬ್ ಎಂಬ ಹಳ್ಳಿ, ಮನೆಯಡಿಯ ಬಾವಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹೊರದೇಶದಲ್ಲಿ ಕಂಡದ್ದರ ಬಗ್ಗೆ ನಾಲ್ಕು ಮಾತು ಹೇಳು ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ದೊಡ್ಡ ನಗರಗಳನ್ನು ನೀವೆಲ್ಲ ಮೊಬೈಲಿನಲ್ಲೇ ನೋಡಿದ್ದೀರಿ. ಹಾಗಾಗಿ ಒಂದು ಸಣ್ಣ ಹಳ್ಳಿಯ ಬಗ್ಗೆ ಹೇಳುತ್ತೇನೆ.

ಮೆಡಿಟರೇನಿಯನ್ ಸಮುದ್ರದಲ್ಲಿ, ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿ, ಮಾಲ್ಟಾ ಎಂಬ ಪುಟ್ಟ ದೇಶವಿದೆ. ಕಂಪನಿ ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ಅದರ ಎರಡನೆಯ ದ್ವೀಪ ಗೋಜೋ. ವಿಸ್ತೀರ್ಣ ಬರೀ 67 ಚದರ ಕಿಲೋಮೀಟರ್. ಮುಖ್ಯ ದ್ವೀಪದಿಂದ ಹಡಗಿನಲ್ಲಿ 25 ನಿಮಿಷದ ದಾರಿ. ಅದರ ಪಶ್ಚಿಮ ತುದಿಯಲ್ಲಿರುವ ಹಳ್ಳಿಯೇ ಆರ್ಬ್. ಹೆಸರಿನ ಅರ್ಥವೂ ಪಶ್ಚಿಮ ಎಂದೇ. ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ.

ಊರ ನಡುವೆ ಒಂದು ಚೌಕ, ಚೌಕದಲ್ಲಿ ಎರಡು ಗಂಟೆಗೋಪುರಗಳ ಹಳೆಯ ಚರ್ಚು. ಸುತ್ತ ಜೇನಿನ ಬಣ್ಣದ ಸುಣ್ಣಕಲ್ಲಿನ ಮನೆಗಳು. ಮಧ್ಯಾಹ್ನ ಹೋದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮುಂಬಾಗಿಲಿಗೆ ಬೀಗದಕೈ ಹೊರಗಡೆಯಿಂದಲೇ ಸಿಕ್ಕಿಸಿಡುವುದು ಗೋಜೋದ ಹಳೆಯ ರೂಢಿ. ಈಗ ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಹೊಲಗಳಿಗೆ ಗಾರೆಯಿಲ್ಲದ ಕಲ್ಲುಗೋಡೆ, ಅದರ ಮಗ್ಗುಲಲ್ಲಿ ನಮ್ಮದೇ ಪಾಪಾಸುಕಳ್ಳಿ! ಅದರ ಹಣ್ಣನ್ನು ಅವರೂ ತಿನ್ನುತ್ತಾರೆ. ಕುರಿಹಾಲಿನ ಗಿಣ್ಣನ್ನು ಒಣಗಿಸಿ, ಮೆಣಸಿನ ಪುಡಿ ಹಚ್ಚಿ ಇಟ್ಟುಕೊಳ್ಳುತ್ತಾರೆ.

ಭಾಷೆಯ ಬೇರು ಅರಬ್ಬಿ, ಬರೆಯುವುದು ರೋಮನ್ ಲಿಪಿಯಲ್ಲಿ. ಪುಸ್ತಕಕ್ಕೆ ‘ಕ್ತೀಬ್’, ಜಗತ್ತಿಗೆ ‘ದಿನ್ಯಾ’. ನಮ್ಮ ಕಿತಾಬು, ದುನಿಯಾಗಳ ದಾಯಾದಿಗಳು. ಇಷ್ಟು ಕಡಿಮೆ ಜನ ಆಡುವ ಭಾಷೆ 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇದನ್ನು ನೆನಪಿಡಬೇಕು.

ಆ ನಿಶ್ಶಬ್ದಕ್ಕೆ ಇನ್ನೊಂದು ಕಾರಣವೂ ಇದೆ. ಎರಡನೇ ಮಹಾಯುದ್ಧದ ನಂತರ ಗೋಜೋದ ಸಾವಿರಾರು ಜನ ಆಸ್ಟ್ರೇಲಿಯಾ, ಅಮೆರಿಕ, ಕೆನಡಾಗಳಿಗೆ ದುಡಿಯಲು ಹೋದರು. ಮರಳಿದವರು ಕಟ್ಟಿದ ಎಷ್ಟೋ ಮನೆಗಳ ಮೇಲೆ ಆ ದೇಶಗಳ ಹೆಸರೇ ಇದೆ. ಬೇಸಿಗೆಯ ಊರಹಬ್ಬಕ್ಕೆ ಹೊರಗಿದ್ದವರು ಬರುತ್ತಾರೆ. ಬ್ಯಾಂಡು, ಪಟಾಕಿ, ಮೆರವಣಿಗೆ. ಆಮೇಲೆ ಮತ್ತೆ ಮೌನ. ನಮ್ಮ ಜಾತ್ರೆ ಮುಗಿದ ಮರುದಿನದ ಹಾಗೆ. ಇತ್ತೀಚೆಗೆ ದ್ವೀಪದ ಹಳೆಯ ತೋಟದಮನೆಗಳು ಪ್ರವಾಸಿಗರ ಬಾಡಿಗೆಮನೆಗಳಾಗುತ್ತಿವೆ, ಫ್ಲ್ಯಾಟುಗಳು ಏಳುತ್ತಿವೆ. ಚಂದ ನೋಡಲು ಬಂದವರಿಂದಲೇ ಚಂದಕ್ಕೆ ಕುತ್ತು.

ನನ್ನನ್ನು ಹೆಚ್ಚು ಸೆಳೆದದ್ದು ನೀರಿನ ಲೆಕ್ಕ. ಮಾಲ್ಟಾದಲ್ಲಿ ನದಿಯೇ ಇಲ್ಲ. ವರ್ಷದ ಮಳೆ ಸುಮಾರು 550 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ಬಯಲುಸೀಮೆಯಷ್ಟೇ. ಈಗ ನಲ್ಲಿಯ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಸಮುದ್ರದ ನೀರಿನ ಉಪ್ಪು ತೆಗೆದು ಬರುತ್ತದೆ. ಆದರೆ ಯಂತ್ರ ಬರುವ ಮೊದಲು ಶತಮಾನಗಳ ಕಾಲ ಅವರನ್ನು ಕಾಪಾಡಿದ್ದು ಮನೆಯಡಿ ಬಂಡೆಯಲ್ಲಿ ಕೊರೆದ ‘ಬೀರ್’, ಅಂದರೆ ಬಾವಿ. ಚಪ್ಪಟೆ ಮಾಳಿಗೆಯ ಮಳೆನೀರು ನೇರ ಅದಕ್ಕಿಳಿಯುತ್ತದೆ.

ನಮ್ಮ ಶಾಲೆಯ ಬೋರ್‌ವೆಲ್ ಫೆಬ್ರವರಿಗೇ ಕೈಕೊಡುತ್ತದೆ. ಮಕ್ಕಳು ಮನೆಯಿಂದ ಬಾಟಲಿ ಹೊತ್ತು ತರುತ್ತಾರೆ. ಹೊಸ ಕಟ್ಟಡದ ಮಾಳಿಗೆಯನ್ನು ನಿನ್ನೆ ಅಳೆದೆ: 20 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 500 ಮಿಲಿಮೀಟರಿಗೆ ಒಂದು ಲಕ್ಷ ಲೀಟರ್. ಐದನೇ ಒಂದು ಪಾಲು ಪೋಲಾದರೂ 80 ಸಾವಿರ ಉಳಿಯುತ್ತದೆ. 200 ಮಕ್ಕಳಿಗೆ ದಿನಕ್ಕೆ ಎರಡು ಲೀಟರಿನಂತೆ 200 ದಿನ ಸಾಕು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಶುದ್ಧಮಾಡಿ, ಮುಚ್ಚಿದ ತೊಟ್ಟಿಯಲ್ಲಿಟ್ಟರಾಯಿತು.

ಸುವರ್ಣ ಮಹೋತ್ಸವದ ನೆನಪಿಗೆ ದೊಡ್ಡ ಕಮಾನು ಕಟ್ಟಿಸೋಣ ಎಂಬ ಮಾತಿದೆ. ಕಮಾನು ಆಮೇಲೆ ಆಗಲಿ, ಮೊದಲು ತೊಟ್ಟಿಯಾಗಲಿ ಎಂದು ನನ್ನ ವಿನಂತಿ. ನಕ್ಷೆ ಮಾಡಿಕೊಡುವುದೂ ನನ್ನ ಪಾಲಿನ ಹಣವೂ ನನ್ನ ಜವಾಬ್ದಾರಿ. ವರ್ಷಕ್ಕೊಮ್ಮೆ ಮಾಳಿಗೆ ಗುಡಿಸುವವರು, ಜಾಲರಿ ತೊಳೆಯುವವರು ಊರಿನಲ್ಲಿರುವವರೇ ಆಗಬೇಕು. ಅವರಿಲ್ಲದೆ ನಮ್ಮ ಹಣಕ್ಕೆ ಬೆಲೆಯಿಲ್ಲ.