ಪೋರ್ಷನ್ ಮುಗಿದ ಮೇಲೆ ಮಗುವಿಗೆ ಏನು ಬಂತು?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್‌ನ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ವರದಿಯ ಬೇರೆ ಪುಟಗಳಲ್ಲಿ ಹಣದ ಲೆಕ್ಕವಿದೆ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬುದನ್ನು ತಾವು ನೋಡಬಹುದು. ನಾವು ಇಂದು ಮಾತನಾಡಬೇಕೆಂದಿರುವುದು ಇನ್ನೊಂದು ಲೆಕ್ಕದ ಬಗ್ಗೆ. ತಾವು ಕೊಟ್ಟ ಹಣ ಶುಲ್ಕವಾಗಿ, ಪುಸ್ತಕವಾಗಿ, ಬಸ್ ಪಾಸ್ ಆಗಿ ಮಗುವನ್ನು ತರಗತಿಯ ಬಾಗಿಲಿನವರೆಗೆ ತಲುಪಿಸುತ್ತದೆ. ಒಳಗೆ ಹೋದ ಮೇಲೆ ಆ ಮಗುವಿನ ವರ್ಷ ಹೇಗಾಗುತ್ತದೆ ಎಂಬುದು ಬಹುಪಾಲು ಶಿಕ್ಷಕರ ಕೈಯಲ್ಲಿದೆ. ಆದ್ದರಿಂದ ಶಿಕ್ಷಕರು ವರ್ಷದ ಆರಂಭದಲ್ಲಿ ತಮಗಾಗಿ ಇಟ್ಟುಕೊಳ್ಳುವ ಗುರಿ ಯಾವುದು ಎಂಬ ಪ್ರಶ್ನೆ ನಮ್ಮೆಲ್ಲರಿಗೂ ಸೇರಿದ್ದು.

ಸಾಮಾನ್ಯವಾಗಿ ಕೇಳಿಬರುವ ಗುರಿಗಳು ಹೀಗಿರುತ್ತವೆ: ಪೋರ್ಷನ್ ಸಮಯಕ್ಕೆ ಮುಗಿಸುವುದು, ಎರಡು ತರಬೇತಿಗಳಿಗೆ ಹೋಗಿ ಬರುವುದು, ಕಲಿಕೋಪಕರಣ ತಯಾರಿಸುವುದು, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ತರುವುದು. ಇವು ಒಳ್ಳೆಯ ಕೆಲಸಗಳೇ. ಆದರೆ ಮೊದಲ ಮೂರರಲ್ಲಿ ಶಿಕ್ಷಕರು ಏನು ಮಾಡಿದರು ಎಂಬುದಿದೆಯೇ ಹೊರತು ಮಗುವಿಗೆ ಏನು ಬಂತು ಎಂಬುದಿಲ್ಲ. ನಾಲ್ಕನೆಯದು ಹತ್ತು ವರ್ಷದ ಓದಿನ ಕೊನೆಗೆ ಬರುವ ಸಂಖ್ಯೆ. ಎರಡನೇ ತರಗತಿಯಲ್ಲಿ ಹಿಂದೆ ಬಿದ್ದ ಮಗುವಿಗೆ ಅಲ್ಲಿಯವರೆಗೆ ಕಾಯುವಷ್ಟು ಸಮಯವಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ನಿಗದಿತ ಅವಧಿಯಲ್ಲಿ ಪಠ್ಯಕ್ರಮ ಪೂರ್ಣಗೊಳಿಸಬೇಕು ಎಂಬುದು ಅದರಲ್ಲಿದೆ. ಅದರ ಬೆನ್ನಿಗೇ, ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು ಬೇಕಾದಷ್ಟು ಹೆಚ್ಚಿನ ಬೋಧನೆ ಕೊಡಬೇಕು ಎಂಬುದೂ ಇದೆ. ನಮ್ಮ ಶಾಲೆಗಳಲ್ಲಿ ಮೊದಲನೆಯದನ್ನು ಎಲ್ಲರೂ ವಿಚಾರಿಸುತ್ತಾರೆ, ಎರಡನೆಯದನ್ನು ವಿಚಾರಿಸುವವರು ಕಡಿಮೆ.

ಇದರ ಪರಿಣಾಮ ಏನೆಂಬುದನ್ನು ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆ ತೋರಿಸುತ್ತದೆ. ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಮಟ್ಟದ ಪಠ್ಯವನ್ನು ಓದಬಲ್ಲವರು 2018ರಲ್ಲಿ ಶೇ 50.5, ಕೊರೋನಾ ಕಾಲದ ನಂತರ 2022ರಲ್ಲಿ ಶೇ 42.8, 2024ರಲ್ಲಿ ಶೇ 48.8. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂರು ತರಗತಿ ಹಿಂದಿನ ಪುಟವನ್ನು ಓದಲಾರದೆ ಮುಂದಿನ ತರಗತಿಗೆ ಹೋಗುತ್ತಿದ್ದಾರೆ. ಆ ಮಕ್ಕಳ ಶಾಲೆಗಳಲ್ಲೂ ಪೋರ್ಷನ್ ಮುಗಿದಿರುತ್ತದೆ.

ಹಾಗಾದರೆ ಗುರಿಯನ್ನು ಹೇಗೆ ಬರೆಯಬೇಕು? ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಜೂನ್‌ನಲ್ಲಿ ಮಗು ಎಲ್ಲಿದೆ? ಮಾರ್ಚ್ ವೇಳೆಗೆ ಎಲ್ಲಿರಬೇಕು? ಅಲ್ಲಿಗೆ ತಲುಪಲು ಶಿಕ್ಷಕರು ತಮ್ಮ ಪಾಠದಲ್ಲಿ ಏನನ್ನು ಬದಲಿಸುತ್ತಾರೆ?

ಒಂದು ಉದಾಹರಣೆ ನೋಡೋಣ. ನಾಲ್ಕನೇ ತರಗತಿಯಲ್ಲಿ 30 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಜೂನ್ ಎರಡನೇ ವಾರದಲ್ಲಿ ಶಿಕ್ಷಕಿ ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ಓದಿಸುತ್ತಾರೆ. ಒಂದು ಮಗುವಿಗೆ ಐದು ನಿಮಿಷ ಸಾಕು. 7 ಮಕ್ಕಳು ಅಕ್ಷರ ಗುರುತಿಸುತ್ತಾರೆ, ಕಾಗುಣಿತದಲ್ಲಿ ತಡವರಿಸುತ್ತಾರೆ. 11 ಮಕ್ಕಳು ಸರಳ ಪದ ಓದುತ್ತಾರೆ, ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಾರೆ. 12 ಮಕ್ಕಳು ಸಣ್ಣ ಕಥೆ ಓದಿ ಅರ್ಥ ಹೇಳುತ್ತಾರೆ. ಈಗ 'ಮಕ್ಕಳ ಓದುವ ಕೌಶಲ ಹೆಚ್ಚಿಸುವುದು' ಎಂದು ಬರೆದರೆ ಅದು ಯಾರಿಗೂ ತಾಗದ ಮಾತು. ಬದಲಿಗೆ ಹೀಗೆ ಬರೆಯಬಹುದು: ದಸರಾ ರಜೆಯೊಳಗೆ ಮೊದಲ ಗುಂಪಿನ 7 ಮಕ್ಕಳೂ ಕಾಗುಣಿತವಿರುವ ಪದಗಳನ್ನು ತಡೆಯಿಲ್ಲದೆ ಓದಬೇಕು. ಮಾರ್ಚ್ ಒಳಗೆ ಎರಡನೇ ಗುಂಪಿನವರು ಒತ್ತಕ್ಷರವಿರುವ ಹತ್ತು ಸಾಲಿನ ಕಥೆ ಓದಿ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು. ಮೂರನೇ ಗುಂಪಿನವರು ಓದಿದ ಕಥೆಯನ್ನು ತಮ್ಮದೇ ಮಾತಿನಲ್ಲಿ ಐದಾರು ವಾಕ್ಯ ಬರೆಯಬೇಕು.

ಇದರ ಜೊತೆಗೆ ಶಿಕ್ಷಕಿಯ ವೃತ್ತಿಯ ಗುರಿ ಬರುತ್ತದೆ: 'ಇದಕ್ಕಾಗಿ ನಾನು ದಿನಕ್ಕೆ 40 ನಿಮಿಷ ಗುಂಪುವಾರು ಪಾಠ ಮಾಡುತ್ತೇನೆ, ತಿಂಗಳಿಗೊಮ್ಮೆ ಪ್ರತಿ ಮಗುವಿನ ಓದು ಕೇಳಿ ಗುರುತು ಹಾಕಿಕೊಳ್ಳುತ್ತೇನೆ, ಒತ್ತಕ್ಷರ ಕಲಿಸುವ ವಿಧಾನವನ್ನು ಪಕ್ಕದ ಶಾಲೆಯ ಅನುಭವಿ ಶಿಕ್ಷಕರ ತರಗತಿಯಲ್ಲಿ ಕೂತು ನೋಡಿ ಬರುತ್ತೇನೆ.' ಮಗುವಿನ ಗುರಿ ಮತ್ತು ಶಿಕ್ಷಕರ ಗುರಿ ಹೀಗೆ ಜೋಡಿಯಾಗಿದ್ದರೆ ತರಬೇತಿಗೂ ಅರ್ಥ ಬರುತ್ತದೆ. ಯಾವ ತರಬೇತಿ ಬೇಕು ಎಂಬುದು ಮಕ್ಕಳ ಓದಿನಿಂದಲೇ ತಿಳಿಯುತ್ತದೆ. ಗಣಿತಕ್ಕೂ ಇದೇ ಕ್ರಮ. 'ವ್ಯವಕಲನ ಕಲಿಸುವುದು' ಎನ್ನುವ ಬದಲು, 52ರಿಂದ 27ನ್ನು ದಶಕ ಬಿಡಿಸಿ ಕಳೆಯಲು ಯಾರಿಗೆ ಬರುತ್ತದೆ, ಯಾರು 7ರಿಂದ 2 ಕಳೆದು 35 ಎನ್ನುತ್ತಾರೆ ಎಂದು ಹೆಸರು ಹೆಸರಾಗಿ ಗೊತ್ತಿರಬೇಕು.

ಮಟ್ಟಕ್ಕೆ ತಕ್ಕಂತೆ ಕಲಿಸುವ ಈ ಕ್ರಮವನ್ನು ಪ್ರಥಮ್ ಸಂಸ್ಥೆಯ ಜೊತೆಗೂಡಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಹಲವು ರಾಜ್ಯಗಳಲ್ಲಿ ಪರೀಕ್ಷಿಸಿದ್ದಾರೆ. ಈ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂದುದು ತಮಗೆ ತಿಳಿದಿದೆ. ಹರಿಯಾಣದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ದಿನದಲ್ಲಿ ಒಂದು ಗಂಟೆ ತರಗತಿಯನ್ನು ಬದಿಗಿಟ್ಟು ಮಟ್ಟದ ಪ್ರಕಾರ ಮಕ್ಕಳನ್ನು ಕೂರಿಸಿ ಕಲಿಸಿದಾಗ ಹಿಂದಿ ಓದು ಸುಧಾರಿಸಿತು. ಬೇರೆಡೆ ಬರೀ ತರಬೇತಿ, ಬರೀ ಸಾಮಗ್ರಿ ಕೊಟ್ಟಾಗ ಅಂಥ ಫಲ ಸಿಗಲಿಲ್ಲ. ಅದಕ್ಕೆಂದೇ ಸಮಯ ಮೀಸಲಿಟ್ಟದ್ದು ವ್ಯತ್ಯಾಸ ಮಾಡಿತು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ನಮ್ಮ ಮನೆಗಳಲ್ಲಿ ಬ್ಯಾರಿ, ದಖನಿ ಉರ್ದು, ನವಾಯತಿ ಮಾತನಾಡುವ ಮಕ್ಕಳು ಶಾಲೆಯಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಅಂಥ ಮಗು ಕನ್ನಡದ ಸಾಲನ್ನು ಸರಿಯಾಗಿ ಉಚ್ಚರಿಸಿಯೂ ಅರ್ಥ ಹಿಡಿಯದಿರಬಹುದು. ಆದ್ದರಿಂದ ಓದಿನ ವೇಗವೊಂದನ್ನೇ ಅಳೆದರೆ ಸಾಲದು, ಅರ್ಥವನ್ನೂ ಕೇಳಬೇಕು. ಭಾಷೆಯಿಂದ ಭಾಷೆಗೆ ಅಳತೆಯೂ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದಗಳಲ್ಲಿ ಹೇಳುವುದನ್ನು ಕನ್ನಡ ಒಂದೇ ಪದದಲ್ಲಿ ಹೇಳುತ್ತದೆ. ಹೀಗಾಗಿ ನಿಮಿಷಕ್ಕೆ ಎಷ್ಟು ಪದ ಎಂಬ ಲೆಕ್ಕ ಎರಡಕ್ಕೂ ಒಂದೇ ಆಗಲಾರದು. ಎನ್‌ಸಿಇಆರ್‌ಟಿ 2022ರಲ್ಲಿ ಮೂರನೇ ತರಗತಿಯ ಮಕ್ಕಳ ಅಧ್ಯಯನ ನಡೆಸಿದಾಗ 20 ಭಾಷೆಗಳಲ್ಲಿ ಓದನ್ನು ಪರೀಕ್ಷಿಸಿ ಬೇರೆ ಬೇರೆ ಮಾನದಂಡ ಇಟ್ಟಿದ್ದು ಇದೇ ಕಾರಣಕ್ಕೆ.

ಈಗ ದಾನಿಗಳಲ್ಲಿ ಒಂದು ವಿನಂತಿ. ಅಳತೆ ಎಂದ ಕೂಡಲೇ ಬಹುಮಾನ, ಶಿಕ್ಷೆ, ಶಾಲೆಗಳ ಪಟ್ಟಿ ನೆನಪಾಗುವುದು ಸಹಜ. ಅಲ್ಲಿ ಎಚ್ಚರ ಬೇಕು. 1862ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶಕ್ಕೆ ತಕ್ಕಂತೆ ಶಾಲೆಗೆ ಅನುದಾನ ಕೊಡುವ ಪದ್ಧತಿ ಬಂತು. ಇನ್‌ಸ್ಪೆಕ್ಟರ್ ಬರುವ ದಿನಕ್ಕಾಗಿ ಮಕ್ಕಳಿಗೆ ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಸಿದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಓದಬಲ್ಲ ಮಗುವನ್ನು ಓದು ಬಲ್ಲವನೆಂದು ಹೇಗೆ ಹೇಳುವುದು? ಆ ಶತಮಾನ ಮುಗಿಯುವ ಮೊದಲೇ ಅದನ್ನು ಕೈಬಿಡಬೇಕಾಯಿತು. ನಮ್ಮ ಕಾಲದಲ್ಲೇ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಅಂಕ ಏರಿಸುವ ಒತ್ತಡಕ್ಕೆ ಸಿಲುಕಿ ಶಿಕ್ಷಕರೇ ಮಕ್ಕಳ ಉತ್ತರಗಳನ್ನು ತಿದ್ದಿದರು. 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯಸ್ಥರ ಹೆಸರು ಬಂತು. ಅಲ್ಲಿ ನಷ್ಟವಾದದ್ದು ಹಿಂದುಳಿದ ಮಕ್ಕಳಿಗೆ. ಕಾಗದದಲ್ಲಿ ಪಾಸಾದ ಅವರಿಗೆ ಸಿಗಬೇಕಾದ ಹೆಚ್ಚಿನ ಪಾಠ ಸಿಗದೇ ಹೋಯಿತು.

ವೈದ್ಯರು ಜ್ವರ ನೋಡುವುದು ಔಷಧಿ ಗೊತ್ತುಮಾಡಲಿಕ್ಕೆ. ರೋಗಿಯನ್ನು ಬೈಯಲಿಕ್ಕಲ್ಲ. ಜೂನ್‌ನಲ್ಲಿ 7 ಮಕ್ಕಳಿಗೆ ಕಾಗುಣಿತ ಬಾರದು ಎಂದು ಪ್ರಾಮಾಣಿಕವಾಗಿ ಬರೆದ ಶಿಕ್ಷಕಿಯನ್ನು ನಾವು ತಪ್ಪಿತಸ್ಥೆಯಂತೆ ನೋಡಿದರೆ, ಮುಂದಿನ ಜೂನ್‌ನಲ್ಲಿ ಆ 7 ಸೊನ್ನೆಯಾಗುತ್ತದೆ. ಮಕ್ಕಳು ಮಾತ್ರ ಅಲ್ಲೇ ಇರುತ್ತಾರೆ. ನಲವತ್ತು ಐವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕರಿದ್ದಾರೆ, ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುವವರಿದ್ದಾರೆ. ಅವರ ಗುರಿಯನ್ನು ಅವರ ಮಕ್ಕಳು ಎಲ್ಲಿಂದ ಹೊರಟರು ಎಂಬುದರಿಂದ ತೂಗಬೇಕು, ಪಕ್ಕದ ಶಾಲೆಯ ಅಂಕದಿಂದ ಅಲ್ಲ. ಶಿಸ್ತು, ಸತ್ಯ ಹೇಳುವ ಧೈರ್ಯ, ಸಹಪಾಠಿಯ ಮೇಲಿನ ಕರುಣೆ ಇವನ್ನು ಯಾವ ಪಟ್ಟಿಯೂ ಅಳೆಯದು. ಅವನ್ನೂ ಕಲಿಸುವವರು ಅದೇ ಶಿಕ್ಷಕರು ಎಂಬುದನ್ನು ಮರೆಯಬಾರದು.

ಈ ತಿಳುವಳಿಕೆಯಿಂದ ಟ್ರಸ್ಟ್ ಕೆಲವು ತೀರ್ಮಾನ ಮಾಡಿದೆ. ಪ್ರಾಥಮಿಕ ಮತ್ತು ಹಿರಿಯ ಪ್ರಾಥಮಿಕ ಮಕ್ಕಳ ವಿದ್ಯಾರ್ಥಿವೇತನ ಅರ್ಜಿಗೆ ಅಂಕಪಟ್ಟಿಯ ಜೊತೆ ಇನ್ನೊಂದು ಪುಟ ಸೇರುತ್ತದೆ. ಅದನ್ನು ತರಗತಿ ಶಿಕ್ಷಕರು ತುಂಬುತ್ತಾರೆ. ಜೂನ್, ದಸರಾ ರಜೆಗೆ ಮೊದಲು ಮತ್ತು ಮಾರ್ಚ್, ಹೀಗೆ ಮೂರು ಬಾರಿ ಮಗುವಿನ ಓದು ಮತ್ತು ಲೆಕ್ಕದ ಮಟ್ಟವನ್ನು ಬರೆಯಲು ಅಲ್ಲಿ ಜಾಗವಿದೆ. ಆ ಪುಟ ನೋಡಿ ಯಾವ ಮಗುವಿನ ವಿದ್ಯಾರ್ಥಿವೇತನವನ್ನೂ ನಿಲ್ಲಿಸುವುದಿಲ್ಲ, ಯಾವ ಶಾಲೆಯ ಹೆಸರನ್ನೂ ಪ್ರಕಟಿಸುವುದಿಲ್ಲ. ಮಗು ಹಿಂದೆ ಇದೆ ಎಂದು ಕಂಡರೆ ಓದುವ ಪುಸ್ತಕ, ಶಾಲೆಯ ನಂತರದ ಪಾಠ, ಬೇಕಿದ್ದರೆ ಕಣ್ಣಿನ ತಪಾಸಣೆ, ಇವುಗಳಿಗೆ ನೆರವು ಕೊಡಲು ಆ ಪುಟ ಬೇಕು.

ತಂದೆತಾಯಂದಿರೇ, ತಮಗೆ ಓದು ಬಾರದಿದ್ದರೂ ಒಂದು ಕೆಲಸ ಸಾಧ್ಯ. ಶಾಲೆಯ ಸಭೆಗೆ ಹೋದಾಗ 'ಎಷ್ಟನೇ ರ‍್ಯಾಂಕ್?' ಎಂದು ಕೇಳುವ ಮೊದಲು, 'ಟೀಚರ್, ಜೂನ್‌ನಲ್ಲಿ ಬಾರದ್ದು ಈಗ ಇವನಿಗೆ ಏನು ಬರುತ್ತದೆ? ಇನ್ನು ಏನು ಬರಬೇಕು?' ಎಂದು ವಿನಯದಿಂದ ಕೇಳಿ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಮಗುವನ್ನು ಜೋರಾಗಿ ಓದಲು ಹೇಳಿ, ಓದಿದ್ದನ್ನು ಮನೆಮಾತಿನಲ್ಲಿ ಹೇಳಿಸಿ. ಅರ್ಥವಾಗಿದೆಯೋ ಇಲ್ಲವೋ ತಮಗೇ ತಿಳಿಯುತ್ತದೆ.

2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ 2026–27ರ ವೇಳೆಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥವರಿತು ಓದಲು, ಮೂಲ ಲೆಕ್ಕ ಮಾಡಲು ಬರಬೇಕು ಎಂದು ಗುರಿ ಇಟ್ಟಿತು. ದೇಶದ ಗುರಿ ಕೊನೆಗೆ ಬಂದು ನಿಲ್ಲುವುದು ಒಬ್ಬ ಶಿಕ್ಷಕಿಯ ಡೈರಿಯಲ್ಲಿರುವ ಮೂವತ್ತು ಹೆಸರುಗಳ ಮುಂದೆ. ಆ ಡೈರಿಯನ್ನು ನಿರ್ಭಯವಾಗಿ, ನಿಜವಾಗಿ ಬರೆಯುವಂಥ ವಾತಾವರಣವನ್ನು ಆಕೆಗೆ ಕೊಡುವುದು ನಮ್ಮೆಲ್ಲರ ಪಾಲಿನ ಕೆಲಸ. ತಮ್ಮ ದಾನ ಆ ಮೂವತ್ತು ಹೆಸರುಗಳವರೆಗೂ ತಲುಪಲಿ ಎಂದು ಪ್ರಾರ್ಥಿಸುತ್ತೇವೆ.